ಟಿವಿಯ ಮಕ್ಕಳ ಹಾಸ್ಯ: ನಮ್ಮ ಕಡೆಯ ಮಕ್ಕಳು ನಗಿಸಿದ್ದೆಷ್ಟು, ನಗೆಗೀಡಾಗಿದ್ದೆಷ್ಟು?

ಕೊಂಡಜ್ಜಿ ರಸ್ತೆ

ದಾವಣಗೆರೆ, ಚಿತ್ರದುರ್ಗದ ಕಡೆಯವರು ಈ ಚರ್ಚೆಯ ಗುಂಪಿನಲ್ಲಿ ಬಹಳ ಜನ ಇದ್ದೀರಿ, ಅದಕ್ಕೇ ಕೇಳ್ತಿದ್ದೀನಿ. ಟಿವಿಯಲ್ಲಿ ಮಕ್ಕಳು ಮಾಡೋ ಹಾಸ್ಯದ ಸ್ಕಿಟ್‌ಗಳನ್ನ ಈಗ ತಿರುಗಿ ನೋಡಿದರೆ ನಿಮಗೆ ಏನನ್ಸುತ್ತೆ?

ತೊಂಬತ್ತರ ದಶಕದಲ್ಲಿ ಬೆಳೆದ ನಾವು ನೋಡಿದ್ದು ದೊಡ್ಡವರ ಹಾಸ್ಯ. ದೂರದರ್ಶನದ ಕ್ರೇಜಿ ಕರ್ನಲ್, ಆಮೇಲೆ ಈಟಿವಿ ಬಂದ ಮೇಲೆ ಪಾಪ ಪಾಂಡು, ಸಿಲ್ಲಿ ಲಲ್ಲಿ. ಮಕ್ಕಳೇ ವೇದಿಕೆ ತುಂಬಿ ಮನೆಮಂದಿಯನ್ನೆಲ್ಲ ನಗಿಸಿದ್ದು ಅಂದ್ರೆ 2016ರಲ್ಲಿ ಜೀ ಕನ್ನಡದಲ್ಲಿ ಶುರುವಾದ ಡ್ರಾಮಾ ಜೂನಿಯರ್ಸ್. ಮಾಸ್ಟರ್ ಆನಂದ್ ನಿರೂಪಣೆ, ಲಕ್ಷ್ಮಿ, ಟಿ.ಎನ್. ಸೀತಾರಾಮ್, ವಿಜಯ ರಾಘವೇಂದ್ರ ತೀರ್ಪುಗಾರರು. ಆಗ ಪ್ರೈಮರಿ ಓದ್ತಿದ್ದ ನನ್ನ ಮಗಳು ಈಗ ಡಿಗ್ರಿ ಕಾಲೇಜಲ್ಲಿದ್ದಾಳೆ. ಅವಳೂ ಅವಳ ಗೆಳತಿಯರೂ ಆ ಹಳೇ ತುಣುಕುಗಳನ್ನ ಮೊಬೈಲಲ್ಲಿ ಹಾಕ್ಕೊಂಡು "ನಮ್ಮ ಕಾಲದ್ದು" ಅಂತ ಕಣ್ಣರಳಿಸ್ತಾರೆ.

ಆ ಪ್ರೀತಿ ದೊಡ್ಡದು, ನನಗೂ ಇದೆ. ಆದರೆ ಬೇರೆ ಬೇರೆ ವಾಹಿನಿಗಳ ಮಕ್ಕಳ ಸ್ಕಿಟ್‌ಗಳನ್ನ ಸಾಲಾಗಿ ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತೆ. ದಪ್ಪ ಇರೋ ಹುಡುಗನಿಗೆ ತಿಂಡಿಪೋತನ ಪಾತ್ರ. ಕಪ್ಪಗಿರೋ ಹುಡುಗಿಗೆ ಕೆಲಸದವಳ ಪಾತ್ರ. ಹಳ್ಳಿ ಮಾತು ಆಡಿದವನು ಪೆದ್ದ, ಪಟ್ಟಣದ ಮಾತು ಆಡಿದವನು ಜಾಣ. ಮಕ್ಕಳು ಚೆನ್ನಾಗೇ ಮಾಡ್ತಾರೆ, ಅವರದೇನೂ ತಪ್ಪಿಲ್ಲ. ಬರೆದುಕೊಟ್ಟವರು ಯಾರು? ನಮ್ಮ ಕಡೆಯ ಮಗು ಜಾಣನಾಗಿ, ನಾಯಕಿಯಾಗಿ, ಕಥೆ ತಿರುಗಿಸೋ ಪಾತ್ರವಾಗಿ ಬಂದದ್ದು ಎಷ್ಟು ಸಲ? ಹಳೇ ನೆನಪಿನ ಖುಷಿ ಕಳ್ಕೊಳ್ಳದೇ ಇದನ್ನ ಮಾತಾಡೋಕೆ ಆಗುತ್ತೆ ಅಂತ ನನ್ನ ನಂಬಿಕೆ.

ದುರ್ಗದ ಮೇಷ್ಟ್ರು

ಒಳ್ಳೆ ವಿಷಯ ಎತ್ತಿದ್ದೀಯಮ್ಮ. ಸ್ವಲ್ಪ ಹಿಂದಕ್ಕೆ ಹೋಗ್ತೀನಿ, ಬೇಜಾರು ಮಾಡ್ಕೋಬೇಡಿ.

ಕನ್ನಡದಲ್ಲಿ ಮಕ್ಕಳಿಗೆ ಅಂತ ಟಿವಿ ಬಂದದ್ದು ಬೆಂಗಳೂರಿನ ಮನೆಗಳಿಗಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಉಪಗ್ರಹ ಬಳಸಿ ಆರು ರಾಜ್ಯಗಳ 2400 ಹಳ್ಳಿಗಳಿಗೆ ಕಾರ್ಯಕ್ರಮ ಕಳಿಸಿದರು, ಸೈಟ್ ಅಂತ ಅದರ ಹೆಸರು. ನಮ್ಮ ರಾಜ್ಯದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿ ಶಾಲೆಗಳ ಮುಂದೆ ಮಕ್ಕಳು ಕೂತು ನೋಡಿದರು. ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರ ನವೆಂಬರ್ 1ಕ್ಕೆ. ಅಂದರೆ ಹಳ್ಳಿ ಮಕ್ಕಳನ್ನ ಮುಂದೆ ಕೂರಿಸಿಯೇ ಕನ್ನಡ ಟಿವಿ ಕಣ್ಣು ಬಿಟ್ಟಿತು. ತೆರೆಯ ಒಳಗೆ ಅದೇ ಮಕ್ಕಳು ಬರೋಕೆ ಎಷ್ಟು ಕಾಲ ಹಿಡೀತು ನೋಡಿ.

ಮಾಲ್ಗುಡಿ ಡೇಸ್ ಹೇಳಲೇಬೇಕು. ಶಂಕರ್ ನಾಗ್ ಆಗುಂಬೆಯಲ್ಲಿ ತೆಗೆದದ್ದು. ಮಾತು ಹಿಂದಿ, ಮಾಸ್ಟರ್ ಮಂಜುನಾಥ್ ಮುಖ ಮಾತ್ರ ಅಪ್ಪಟ ನಮ್ಮದು. ಅದರಲ್ಲಿ ಸ್ವಾಮಿಯನ್ನ ನೋಡಿ ನಗ್ತೀವಿ, ಆದರೆ ಅವನ ಹೆದರಿಕೆ ನಮ್ಮದೂ ಆಗಿರುತ್ತೆ. ಅವನ ಮೈಬಣ್ಣ, ಮಾತಿನ ಧಾಟಿ ಯಾವುದೂ ನಗೆಯ ಸರಕಾಗಲಿಲ್ಲ. ಅಳತೆಗೋಲು ಬೇಕಾದ್ರೆ ನಾನು ಅದನ್ನೇ ಹಿಡೀತೀನಿ.

ಇನ್ನು ಟಿವಿಗಿಂತ ಮೊದಲೇ ನಮ್ಮಲ್ಲಿ ನಾಟಕದ ಕಂಪನಿಗಳಿದ್ದವು. ದಾವಣಗೆರೆಯ ಕೆ.ಬಿ.ಆರ್. ಕಂಪನಿ, ಚಿಂದೋಡಿ ಮನೆತನ. ಆ ಮನೆತನದ ನಟಿ ಲೀಲಮ್ಮನವರಿಗೆ 1988ರಲ್ಲಿ ಪದ್ಮಶ್ರೀ ಬಂತು. ಕಂಪನಿ ಮಕ್ಕಳು ತೊಟ್ಟಿಲಿಂದ ಇಳಿದು ಸೀದಾ ರಂಗಕ್ಕೇ ಬರ್ತಿದ್ದರು. ಹಾಸ್ಯ ಚಕ್ರವರ್ತಿ ನರಸಿಂಹರಾಜು ಕೂಡ ಎಳವೆಯಲ್ಲೇ ಕಂಪನಿ ಸೇರಿ ಬೆಳೆದವರು. ಅಲ್ಲಿ ಹುಡುಗನಿಗೆ ಸಮಯಕ್ಕೆ ಸರಿಯಾಗಿ ಮಾತು ಒಗೆಯೋದನ್ನ ಕಲಿಸ್ತಿದ್ದರು. ಅವನ ರೂಪ ಏನಿತ್ತೋ ಅದು ಎರಡನೇ ಮಾತು.

ಆಜಾದ್ ನಗರ

ಮೇಷ್ಟ್ರೇ, ಅಕ್ಕಾ, ನನ್ನದು ಸಣ್ಣ ಮಾತು. ಮಕ್ಕಳ ಸ್ಕಿಟ್‌ನಲ್ಲಿ ಒಂದು ಮುಸ್ಲಿಂ ಪಾತ್ರ ಬಂತು ಅಂದ್ರೆ ತಲೆಗೊಂದು ಟೋಪಿ, ಬಾಯಲ್ಲಿ "ನಮ್ದುಕೆ ನಿಮ್ದುಕೆ". ನಮ್ಮ ಮನೇಲಿ ಉರ್ದು ಮಾತಾಡ್ತೀವಿ, ಹೊರಗೆ ದಾವಣಗೆರೆಯವರೆಲ್ಲ ಹೆಂಗೆ ಮಾತಾಡ್ತಾರೋ ಹಂಗೇ ಮಾತಾಡ್ತೀವಿ. ನನ್ನ ಮಗ ಕ್ಲಾಸಿನಲ್ಲಿ ಕನ್ನಡದಲ್ಲಿ ಎಲ್ಲರಿಗಿಂತ ಮುಂದಿದ್ದಾನೆ. ಒಂದು ಸ್ಕಿಟ್ ಬಂದ ಮಾರನೇ ದಿನ ಅವನ ಜೊತೆಯವರು "ನಮ್ದುಕೆ" ಅಂತ ಕರೆದ್ರು. ಅವರು ಒಳ್ಳೆ ಹುಡುಗರೇ, ಈಗಲೂ ಮನೆಗೆ ಬರ್ತಾರೆ. ಟಿವಿ ಅವರ ಬಾಯಿಗೆ ಒಂದು ಮಾತು ಇಟ್ಟಿತು, ಅಷ್ಟೆ. ಅದು ಇನ್ನೂ ಹೋಗಿಲ್ಲ.

ತುಂಗಭದ್ರೆ ದಂಡೆ

ನಾನು ಹರಿಹರದವನು, ಈಗ ಅಮೆರಿಕದಲ್ಲಿದ್ದೀನಿ. ಇಲ್ಲಿ ನನ್ನ ಜೊತೆ ಕೆಲಸ ಮಾಡೋ, ತೊಂಬತ್ತರ ದಶಕದಲ್ಲಿ ಬೆಳೆದವರು ಮಾತಿಗೆ ಕೂತರೆ ಆಲ್ ದಟ್ ಅನ್ನೋ ಕಾರ್ಯಕ್ರಮದ ನೆನಪು ತೆಗೀತಾರೆ. ನಿಕಲೋಡಿಯನ್ ಅನ್ನೋ ಮಕ್ಕಳ ವಾಹಿನಿಯಲ್ಲಿ 1994ರಲ್ಲಿ ಶುರುವಾಗಿ 2005ರವರೆಗೆ ನಡೆದದ್ದು. ಪೂರ್ತಿ ಸ್ಕಿಟ್‌ಗಳೇ, ಮಾಡೋರೆಲ್ಲ ಮಕ್ಕಳೇ. ಅದರ ಬಗ್ಗೆ ಬರೆಯೋಕೆ ಕಾರಣ ಇದೆ, ಸ್ವಲ್ಪ ಉದ್ದ ಆಗ್ತದೆ.

ಮೊದಲ ತಂಡದಲ್ಲಿ ಏಳು ಜನ. ಅವರಲ್ಲಿ ಕೆನನ್ ಥಾಂಪ್ಸನ್, ಕೆಲ್ ಮಿಚೆಲ್, ಆಂಜೆಲಿಕ್ ಬೇಟ್ಸ್ ಮೂವರೂ ಕಪ್ಪು ಮಕ್ಕಳು. ಅಲೀಸಾ ರೆಯೆಸ್ ಲ್ಯಾಟಿನೋ ಮೂಲದ ಹುಡುಗಿ. ಶೀರ್ಷಿಕೆ ಗೀತೆ ಹಾಡಿದ್ದು ಟಿಎಲ್‌ಸಿ ಅನ್ನೋ ಕಪ್ಪು ಹೆಣ್ಣುಮಕ್ಕಳ ತಂಡ. ಆ ಕಾಲಕ್ಕೆ ಇದು ಸಣ್ಣ ಸಂಗತಿ ಅಲ್ಲ. ನನ್ನ ಜೊತೆಯ ಒಬ್ಬ ಕಪ್ಪು ಗೆಳತಿ, "ಟಿವಿಯಲ್ಲಿ ನನ್ನ ತರ ಕೂದಲಿನ ಹುಡುಗಿ ನಗಿಸೋದನ್ನ ಮೊದಲು ನೋಡಿದ್ದು ಅಲ್ಲೇ" ಅಂತ ಹೇಳ್ತಾಳೆ.

ಅವರ ಪಾತ್ರಗಳನ್ನ ನೋಡಿ. ಲೋರಿ ಬೆತ್ ಡೆನ್‌ಬರ್ಗ್ ಮಾಡಿದ ಗ್ರಂಥಾಲಯದ ಮೇಡಂ: ಓದೋರಿಗೆ ಸದ್ದು ಮಾಡಬೇಡಿ ಅಂತ ಕಿರುಚ್ತಾ ತಾನೇ ಕಟ್ಟಡ ನಡುಗೋ ಹಾಗೆ ಗದ್ದಲ ಎಬ್ಬಿಸ್ತಾಳೆ. ಲೋರಿ ತೆಳ್ಳಗಿನ ಹುಡುಗಿ ಅಲ್ಲ, ಆದರೆ ಆ ಸ್ಕಿಟ್‌ನಲ್ಲಿ ನಗು ಹುಟ್ಟೋದು ಅವಳ ಮೈಯಿಂದಲ್ಲ, ಅಧಿಕಾರ ಇರೋರ ಇಬ್ಬಗೆಯ ನಡತೆಯಿಂದ. ಕೆನನ್ ಮಾಡಿದ ಸೂಪರ್‌ಡ್ಯೂಡ್ ಅನ್ನೋ ವೀರನಿಗೆ ಹಾಲು, ಬೆಣ್ಣೆ ತಾಗಿದರೆ ಶಕ್ತಿ ಉಡುಗಿ ಹೋಗುತ್ತೆ. (ಅವನು ನಮ್ಮೂರ ಬೆಣ್ಣೆ ದೋಸೆ ಹೋಟೆಲ್ ಮುಂದೆ ಹಾದು ಹೋಗೋದೇ ಕಷ್ಟ!) ಕೆಲ್ ಮಾಡಿದ ಬರ್ಗರ್ ಅಂಗಡಿ ಹುಡುಗ ಎಡ್, ಯಾರು ಏನೇ ಹೇಳಿದರೂ ಪದಕ್ಕೆ ಪದ ಹಾಗೇ ತಗೊಳ್ತಾನೆ. ಆ ಪಾತ್ರ ಎಷ್ಟು ಜನಪ್ರಿಯವಾಯ್ತು ಅಂದ್ರೆ 1997ರಲ್ಲಿ ಗುಡ್ ಬರ್ಗರ್ ಸಿನಿಮಾ ಬಂತು, 2023ರಲ್ಲಿ ಎರಡನೇ ಭಾಗ. ಈ ಯಾವ ಪಾತ್ರವನ್ನೂ "ಕಪ್ಪು ಹುಡುಗ ಮಾಡಬೇಕಾದ ಪಾತ್ರ" ಅಂತ ಬರೆದಿರಲಿಲ್ಲ. ಯಾರು ಬೇಕಾದ್ರೂ ಮಾಡಬಹುದಿತ್ತು, ಅವರು ಮಾಡಿದ್ದಕ್ಕೆ ಅವು ಅವರದಾದವು. ಕೆನನ್ 2003ರಲ್ಲಿ ಸ್ಯಾಟರ್‌ಡೇ ನೈಟ್ ಲೈವ್ ಅನ್ನೋ ದೊಡ್ಡವರ ಸ್ಕಿಟ್ ಕಾರ್ಯಕ್ರಮ ಸೇರಿ, ಆ ಕಾರ್ಯಕ್ರಮದಲ್ಲಿ ಎಲ್ಲರಿಗಿಂತ ಹೆಚ್ಚು ವರ್ಷ ಇದ್ದ ಕಲಾವಿದ ಆದ.

ಅಕ್ಕ ಕೇಳಿದ ಪ್ರಶ್ನೆಗೆ ನನಗೆ ಇದೇ ಹತ್ತಿರದ ಉತ್ತರ. ಮಗು ಏನಾಗಿದೆಯೋ ಅದರ ಮೇಲೆ ನಗು ಕಟ್ಟಬಾರದು, ಪಾತ್ರ ಏನು ಮಾಡುತ್ತೋ ಅದರ ಮೇಲೆ ಕಟ್ಟಬೇಕು.

ಬೆಣ್ಣೆನಗರಿ

ಎಲ್ಲಾ ಸರಿ, ಆದರೆ ಇನ್ನೊಂದು ಕಡೆನೂ ನೋಡ್ರಿ. ಹಾಸ್ಯ ಅಂದಮೇಲೆ ಒಬ್ಬರು ಇನ್ನೊಬ್ಬರ ಕಾಲೆಳೀತಾರೆ. ಗುಂಡಿ ಸರ್ಕಲ್‌ನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂತಾ ನಾಲ್ಕು ಜನ ಸೇರಿದ್ರೆ ನಾವು ಮಾಡೋದೇನು? ಅಳತೆಗೋಲು ಹಿಡ್ಕೊಂಡೇ ಕೂತ್ರೆ ಮಕ್ಕಳು ಬಾಯಿ ಬಿಡೋಕೇ ಹೆದರ್ತಾವೆ.

ಇನ್ನೊಂದು ಮಾತು, ಇದು ಮುಖ್ಯ. ಈ ರಿಯಾಲಿಟಿ ಷೋಗಳು ಬರೋಕೆ ಮುಂಚೆ ಟಿವಿ ಮಗು ಅಂದ್ರೆ ಬೆಂಗಳೂರಿನ, ಇಂಗ್ಲಿಷ್ ಮೀಡಿಯಂನ, ಬೆಳ್ಳಗಿನ ಮಗು. ಜಾಹೀರಾತು ನೋಡ್ರಿ, ಈಗಲೂ ಹಂಗೇ. ಆಡಿಷನ್ ಅಂತ ಜಿಲ್ಲೆಗೆ ಬಂದು, ಸರ್ಕಾರಿ ಶಾಲೆ ಮಕ್ಕಳನ್ನ, ಕೂಲಿ ಮಾಡೋರ ಮಕ್ಕಳನ್ನ ಆ ದೊಡ್ಡ ವೇದಿಕೆಗೆ ಹತ್ತಿಸಿದ್ದು ಇವೇ ಷೋಗಳು. ಆ ಮಕ್ಕಳ ಅಪ್ಪ ಅಮ್ಮ ಕೆಳಗೆ ಕೂತು ಕಣ್ಣೀರು ಒರೆಸ್ಕೊಳ್ಳೋದನ್ನ ನೋಡಿ ನಮ್ಮ ಮನೇಲಿ ಎಲ್ಲರೂ ಅತ್ತಿದ್ದೀವಿ. ಅದನ್ನ ಕಡಿಮೆ ಮಾಡಿ ಮಾತಾಡಬ್ಯಾಡ್ರಿ.

ನ್ಯಾಮತಿ ತಾಂಡಾ

ಬೆಣ್ಣೆನಗರಿ ಅಣ್ಣಾ, ನೀವು ಹೇಳಿದ್ದು ನಿಜ. ವೇದಿಕೆ ಸಿಕ್ಕಿದ್ದು ದೊಡ್ಡದೇ. ಆದರೆ ವೇದಿಕೆ ಹತ್ತಿದ ಮೇಲೆ ಯಾವ ಪಾತ್ರ ಕೊಡ್ತಾರೆ ಅನ್ನೋದೂ ಅಷ್ಟೇ ದೊಡ್ಡದು.

ನಮ್ಮ ಅಣ್ಣನ ಮಗಳು ಒಂದು ವಾಹಿನಿಯ ಆಡಿಷನ್‌ಗೆ ಹೋಗಿದ್ದಳು. ಹೊನ್ನಾಳಿಯಿಂದ ದಾವಣಗೆರೆಗೆ ಹೋಗೋ ಬಸ್ಸಿನ ಕಂಡಕ್ಟರ್ ಪಾತ್ರ ತಾನೇ ಕಟ್ಟಿದ್ದಳು. ಚಿಲ್ಲರೆ ಇಲ್ಲ ಅನ್ನೋ ಅಜ್ಜಿ, ಮಗುಗೆ ಅರ್ಧ ಟಿಕೆಟ್ ಅಂತ ಜಗಳ ಆಡೋ ಅಮ್ಮ, ಮೇಲೆ ಕೋಳಿ ಬುಟ್ಟಿ ಇಟ್ಟು ಸುಮ್ಮನೆ ಕೂತ ಯಜಮಾನ, ಇವರನ್ನೆಲ್ಲ ಒಬ್ಬಳೇ ಮಾಡ್ತಾಳೆ. ನೋಡಿದ ಊರೆಲ್ಲ ನಕ್ಕಿದೆ. ಅಲ್ಲಿ ಅವರು ಅದನ್ನ ಅರ್ಧಕ್ಕೇ ನಿಲ್ಲಿಸಿ, ಯಾವ ಕಡೆಯವಳು ಅಂತ ಕೇಳಿದ್ರು. ಲಂಬಾಣಿ ತಾಂಡಾ ಅಂದಿದ್ದಕ್ಕೆ, "ನಿಮ್ಮ ಡ್ರೆಸ್ ಇದ್ಯಲ್ಲ, ಕನ್ನಡಿ ಹಾಕಿರೋದು, ಅದು ಹಾಕ್ಕೊಂಡು ನಿಮ್ಮ ಹಾಡು ಕುಣಿತ ಮಾಡು, ಚೆನ್ನಾಗಿರುತ್ತೆ" ಅಂದ್ರಂತೆ.

ನಮ್ಮ ಕುಣಿತದ ಬಗ್ಗೆ ನಮಗೆ ಹೆಮ್ಮೆ ಇದೆ. ಸೂರಗೊಂಡನಕೊಪ್ಪದ ಜಾತ್ರೆಯಲ್ಲಿ ಅವಳೂ ಕುಣೀತಾಳೆ. ಆದರೆ ಅವತ್ತು ಅವಳು ಕಂಡಕ್ಟರ್ ಆಗೋಕೆ ಹೋಗಿದ್ದಳು. ಹರಿಹರದ ಅಣ್ಣ ಹೇಳಿದ ಆ ಕಪ್ಪು ಮಕ್ಕಳಿಗೆ ಬರ್ಗರ್ ಅಂಗಡಿ ಹುಡುಗ, ವೀರ, ಏನು ಬೇಕಾದ್ರೂ ಆಗೋಕೆ ಬಿಟ್ಟರಲ್ಲ, ನಮ್ಮ ಹುಡುಗಿಗೆ ಬಿಡಲಿಲ್ಲ. ಬಗೆಬಗೆಯ ಮಕ್ಕಳು ಬೇಕು ಅಂತ ಕರೀತಾರೆ, ಕರೆದು ಪ್ರತಿಯೊಬ್ಬರನ್ನೂ ಅವರವರ ಡ್ರೆಸ್ಸಿನೊಳಗೇ ಕೂಡಿಹಾಕ್ತಾರೆ.

ಕೊಂಡಜ್ಜಿ ರಸ್ತೆ

ನ್ಯಾಮತಿ ತಾಂಡಾ, ಇದನ್ನ ಬರೆದಿದ್ದಕ್ಕೆ ನಿಮಗೆ ಕೈ ಮುಗೀತೀನಿ. ಆ ಮಗು ಈಗ ಏನು ಮಾಡ್ತಿದ್ದಾಳೆ?

ಸಾಣೇಹಳ್ಳಿ ದಾರಿ

ನಾನು ಹೊಸದುರ್ಗ ತಾಲ್ಲೂಕಿನವನು. ಮಕ್ಕಳ ಬೇಸಿಗೆ ಶಿಬಿರಗಳಲ್ಲಿ ನಾಟಕ ಮಾಡಿಸ್ತೀನಿ. ಸಾಣೇಹಳ್ಳಿಯ ಶಿವಕುಮಾರ ಕಲಾಸಂಘದ ನಾಟಕೋತ್ಸವ ನೋಡ್ತಲೇ ಬೆಳೆದೆ. 1997ರಿಂದ ಶಿವಸಂಚಾರ ನಾಟಕ ತಂಡದ ತಿರುಗಾಟ ನಡೀತಿರೋದ್ರಿಂದ ನಮ್ಮ ಕಡೆ ಹಳ್ಳಿ ಮಕ್ಕಳಿಗೂ ನಾಟಕ ಅಂದ್ರೆ ಗೊತ್ತು.

ಮಾತಿನ ಬಗ್ಗೆ ಹೇಳಬೇಕು. ಟಿವಿ ಸ್ಕಿಟ್‌ಗೆ ಗೊತ್ತಿರೋ ಕನ್ನಡಗಳು ನಾಲ್ಕೈದೇ. ಮಂಡ್ಯ, ಮಂಗಳೂರು, ಕುಂದಾಪುರ, ಧಾರವಾಡ, ಇಲ್ಲಾ ಬೆಂಗಳೂರಿನ ಪುಸ್ತಕದ ಕನ್ನಡ. ನಮ್ಮ ನಡುನಾಡು ಅದರಲ್ಲಿ ಎಲ್ಲಿದೆ? ದಾವಣಗೆರೆಯಲ್ಲಿ "ಐತಿ", ದುರ್ಗದಲ್ಲಿ "ಐತೆ", ಚನ್ನಗಿರಿ ದಾಟಿದರೆ ಮಲೆನಾಡಿನ ರಾಗ ಶುರು. ಆದರೆ ನಮ್ಮ ಮಕ್ಕಳು ಟಿವಿಗೆ ಹೋದರೆ ಅವರ ಬಾಯಿಗೆ "ಹೌದ್ರಿ ಯಪ್ಪಾ, ಏನ್ ಅಂತೀರಿ ಯಪ್ಪಾ" ಅಂತ ಯಾರೂ ಆಡದ ಒಂದು ಉತ್ತರ ಕರ್ನಾಟಕದ ಮಾತು ತುರುಕ್ತಾರೆ. ಮಗು ಅದನ್ನ ಬಾಯಿಪಾಠ ಮಾಡಿ ಒಪ್ಪಿಸುತ್ತೆ. ಹಾಸ್ಯಕ್ಕೆ ಸಮಯಪ್ರಜ್ಞೆ ಬೇಕು, ಅದು ಬರೋದು ಮನೆಮಾತಲ್ಲಿ. ಬೇರೆಯವರ ಧಾಟಿಯಲ್ಲಿ ಮಗು ಪದ ನೆನಪಿಸ್ಕೊಳ್ತಾ ಇರುತ್ತೆ, ನಗು ಬರಬೇಕಾದ ಜಾಗ ದಾಟಿ ಹೋಗಿರುತ್ತೆ. ಆಗ ಹಿನ್ನೆಲೆಯಲ್ಲಿ "ಟೊಂಯ್" ಅಂತ ಸದ್ದು ಸೇರಿಸಿ ನಗು ಬಂದ ಹಾಗೆ ಮಾಡ್ತಾರೆ.

ಶಿಬಿರದಲ್ಲಿ ನಾನು ಮಾಡೋದು ಇಷ್ಟು. ಮೊದಲ ದಿನ ಕಾಗದ, ಬರೆದ ಮಾತು ಏನೂ ಕೊಡೋಲ್ಲ. ಒಂದು ಜಾಗ ಕೊಡ್ತೀನಿ: ರೇಷನ್ ಅಂಗಡಿ ಸಾಲು, ಎಪಿಎಂಸಿ ಹರಾಜು, ಆಸ್ಪತ್ರೆ ಚೀಟಿ ಕೌಂಟರ್. ಅಲ್ಲಿ ಯಾರು ಜೋರು ಮಾಡ್ತಾರೆ, ಯಾರು ಬಾಗ್ತಾರೆ ಅಂತ ಕೇಳ್ತೀನಿ. ಮಕ್ಕಳಿಗೆ ಇದೆಲ್ಲ ದೊಡ್ಡವರಿಗಿಂತ ಚೆನ್ನಾಗಿ ಗೊತ್ತು. ಆಮೇಲೆ ಪಾತ್ರ ಅದಲು ಬದಲು ಮಾಡ್ತೀನಿ. ಜೋರು ಮಾಡಿದ ಹುಡುಗ ಈಗ ಸಾಲಲ್ಲಿ ನಿಲ್ಲಬೇಕು. ಯಾವಾಗಲೂ ಹಿಂದೆ ನಿಲ್ಲೋ ಹುಡುಗಿ ಅಂಗಡಿ ಯಜಮಾನಿ. ಅದಲು ಬದಲಾದ ಕೂಡಲೇ ನಗು ತಾನಾಗೇ ಹುಟ್ಟುತ್ತೆ, ಯಾರ ಮೈಮೇಲೂ ಬೀಳೋಲ್ಲ. ಬೆಣ್ಣೆನಗರಿಯವರೇ, ಕಾಲೆಳೆಯೋದು ಬೇಡ ಅಂತ ನಾನು ಹೇಳಲ್ಲ. ದಿನಾ ಒಬ್ಬನ ಕಾಲನ್ನೇ ಎಳೀಬಾರದು ಅಂತ ಹೇಳ್ತೀನಿ.

ಚಳ್ಳಕೆರೆ ಸಂತೆ

ಸಾಣೇಹಳ್ಳಿ ಅಣ್ಣ, ನಮ್ಮ ಮನೇಲಿ ತೆಲುಗು, ಬೀದೀಲಿ ಕನ್ನಡ, ಸಂತೇಲಿ ಎರಡೂ. ಮೊಳಕಾಲ್ಮೂರು ಕಡೆನೂ ಹಂಗೇ. ಈ ಎರಡೂ ಬೆರೆತ ಮಾತಲ್ಲಿ ನಮ್ಮಜ್ಜಿ ಹೇಳ್ತಿದ್ದ ಕಥೆಗೆ ಬೀದಿಯೆಲ್ಲ ಬಿದ್ದು ಬಿದ್ದು ನಗ್ತಿತ್ತು. ಅದನ್ನ ಟಿವಿಯಲ್ಲಿ ಒಂದೇ ಒಂದು ಸಲ ಕೇಳಬೇಕು ಅಂತ ಆಸೆ.

ತುಂಗಭದ್ರೆ ದಂಡೆ

ಆಲ್ ದಟ್ ಬಗ್ಗೆ ಹೊಗಳಿ ಬರೆದೆ. ಅದರ ಇನ್ನೊಂದು ಮುಖ ಹೇಳದಿದ್ದರೆ ಇಲ್ಲಿ ತಂದೆ ತಾಯಿ ಆದವರಿಗೆ ಅನ್ಯಾಯ ಆಗ್ತದೆ.

2024ರಲ್ಲಿ ಇಲ್ಲಿ ಕ್ವಯಟ್ ಆನ್ ಸೆಟ್ ಅನ್ನೋ ಸಾಕ್ಷ್ಯಚಿತ್ರ ಸರಣಿ ಬಂತು. ತೊಂಬತ್ತರ ದಶಕದಿಂದ ಆಚೆಗೆ ಆ ವಾಹಿನಿಯ ಕಾರ್ಯಕ್ರಮಗಳಲ್ಲಿ ದುಡಿದ ಮಕ್ಕಳು, ಈಗ ದೊಡ್ಡವರಾಗಿ, ತಮಗೆ ಆದದ್ದನ್ನ ಹೇಳಿಕೊಂಡರು. ಅವರಲ್ಲೊಬ್ಬನಾದ ನಟ ಡ್ರೇಕ್ ಬೆಲ್ ತನ್ನ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ಬಗ್ಗೆ ಮಾತಾಡಿದ. ಅದನ್ನ ಮಾಡಿದ ಬ್ರಯಾನ್ ಪೆಕ್‌ಗೆ ಎಷ್ಟೋ ವರ್ಷ ಹಿಂದೆಯೇ ಶಿಕ್ಷೆ ಆಗಿತ್ತು. ಅವನು ಮಕ್ಕಳಿಗೆ ಸಂಭಾಷಣೆ ಹೇಳಿಕೊಡೋ ಕೆಲಸದಲ್ಲಿದ್ದವನು, ಆಲ್ ದಟ್‌ನಲ್ಲೂ ಇದ್ದ. ನಮ್ಮ ಚರ್ಚೆಗೆ ಇನ್ನೂ ಹತ್ತಿರದ್ದು ಬ್ರಯಾನ್ ಹರ್ನ್ ಹೇಳಿದ್ದು. 2000ದ ದಶಕದ ಮೊದಲಲ್ಲಿ ಆಲ್ ದಟ್‌ನಲ್ಲಿದ್ದ ಕಪ್ಪು ಹುಡುಗ ಅವನು. ಮೈಗೆಲ್ಲ ಕಡಲೆಕಾಯಿ ಬೆಣ್ಣೆ ಬಳಿದು ನಾಯಿಗಳಿಂದ ನೆಕ್ಕಿಸಿದ್ದನ್ನ ನೆನೆದು, ಬೇಡ ಅನ್ನೋ ಧೈರ್ಯ ತನಗೆ ಇರಲಿಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದ. ಮನೆಯಲ್ಲಿ ಕೂತು ನೋಡಿದವರಿಗೆ ಅದು ತಮಾಷೆಯ ಪಂದ್ಯ.

ನನ್ನ ಆ ಗೆಳತಿ ಸರಣಿ ನೋಡಿದ ಮೇಲೆ ಬಹಳ ದಿನ ಆ ಮಾತೇ ಎತ್ತಲಿಲ್ಲ. ಕೊನೆಗೊಮ್ಮೆ ಹೇಳಿದಳು, ಆ ಹುಡುಗಿಯರು ನನಗೆ ಕೊಟ್ಟ ಖುಷಿ ನನ್ನದು, ಅದನ್ನ ನಾನು ಬಿಡಲ್ಲ, ಆದರೆ ಅವರಿಗೆ ಅದಕ್ಕೆ ಎಷ್ಟು ಬಿತ್ತು ಅನ್ನೋದನ್ನೂ ಇನ್ನು ಮೇಲೆ ಕೇಳ್ತೀನಿ ಅಂತ. ತೆರೆಯ ಮೇಲೆ ಎಲ್ಲಾ ಬಣ್ಣದ ಮಕ್ಕಳೂ ಇದ್ದರು. ಬರೆಯೋ ಕೋಣೆಯಲ್ಲಿ, ಸೆಟ್‌ನಲ್ಲಿ "ಇದು ಬೇಡ" ಅನ್ನೋ ಅಧಿಕಾರ ಇದ್ದವರಲ್ಲಿ ಅವರ ಪರ ಯಾರಿದ್ದರು ಅನ್ನೋದೇ ಪ್ರಶ್ನೆ.

ಹೊಳಲ್ಕೆರೆ ಅಮ್ಮ

ಇದನ್ನ ಓದಿ ಎದೆ ಝಲ್ ಅಂತು. ನನ್ನ ಮಗನಿಗೆ ಏಳು ವರ್ಷ, ಮಿಮಿಕ್ರಿ ಚೆನ್ನಾಗಿ ಮಾಡ್ತಾನೆ, ಎಲ್ಲರೂ ಟಿವಿಗೆ ಕಳಿಸಿ ಅಂತಾರೆ. ನಮ್ಮಲ್ಲಿ ಮಕ್ಕಳಿಗೆ ಕಾನೂನಿನ ರಕ್ಷಣೆ ಏನಾದ್ರೂ ಇದೆಯಾ? ಗೊತ್ತಿದ್ದವರು ಹೇಳಿ.

ಕೋರ್ಟ್ ರಸ್ತೆ

ಇದೆ ತಾಯಿ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆದಾಗ ಮಕ್ಕಳು ಕಲಾವಿದರಾಗಿ ಟಿವಿ, ಸಿನಿಮಾದಲ್ಲಿ ದುಡಿಯೋದಕ್ಕೆ ಷರತ್ತಿನ ಮೇಲೆ ಅವಕಾಶ ಕೊಟ್ಟರು. ಷರತ್ತುಗಳನ್ನ 2017ರ ನಿಯಮಗಳಲ್ಲಿ ಬರೆದಿದ್ದಾರೆ. ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಮಾಡಿಸೋ ಹಾಗಿಲ್ಲ, ವಿರಾಮ ಇಲ್ಲದೆ 3 ಗಂಟೆ ದಾಟೋ ಹಾಗಿಲ್ಲ. ಸತತ 27 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳೋ ಹಾಗಿಲ್ಲ. ನಿರ್ಮಾಪಕರು ಚಿತ್ರೀಕರಣ ನಡೆಯೋ ಜಿಲ್ಲೆಯ ಜಿಲ್ಲಾ ಮ್ಯಾಜಿಸ್ಟ್ರೇಟರಿಂದ ಮೊದಲೇ ಅನುಮತಿ ತಗೋಬೇಕು. ಐದು ಮಕ್ಕಳಿಗೆ ಒಬ್ಬರಾದ್ರೂ ಜವಾಬ್ದಾರಿಯ ವ್ಯಕ್ತಿ ಇರಬೇಕು. ಗಳಿಕೆಯಲ್ಲಿ ಕನಿಷ್ಠ ಶೇ. 20ರಷ್ಟನ್ನ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಲ್ಲೇ ಠೇವಣಿ ಇಡಬೇಕು, ಅದು ಮಗು ಪ್ರಾಯಕ್ಕೆ ಬಂದ ಮೇಲೆ ಅದರ ಕೈಗೆ. ಮಗುವಿನ ಇಷ್ಟಕ್ಕೆ ವಿರುದ್ಧವಾಗಿ ಮಾಡಿಸೋ ಹಾಗಿಲ್ಲ ಅನ್ನೋದೂ ಇದೆ.

ಸಹಿ ಹಾಕೋ ಮುಂಚೆ ಅನುಮತಿ ಪತ್ರದ ನಕಲು ಕೇಳಿ, ಸಂಕೋಚ ಬೇಡ. ನಡುರಾತ್ರಿವರೆಗೆ ಶೂಟಿಂಗ್ ಅಂದ್ರೆ ಎದ್ದು ಬನ್ನಿ. ನಗಿಸೋ ಮಗುಗೆ ನಿದ್ದೆ ಬೇಕು.

ಹೊಳಲ್ಕೆರೆ ಅಮ್ಮ

ತುಂಬಾ ಉಪಕಾರ ಆಯ್ತು ಸರ್. ಬರೆದಿಟ್ಕೊಂಡೆ.

ಬೆಣ್ಣೆನಗರಿ

ಹರಿಹರದವರೇ, ವಕೀಲರೇ, ಇದೆಲ್ಲ ಓದಿ ಯೋಚನೆ ಮಾಡಿದೆ. ಷೋಗಳು ಮಾಡಿದ ಉಪಕಾರದ ಬಗ್ಗೆ ನನ್ನ ಮಾತು ಮಾತೇ. ಆದರೆ ಆ ಕಂಡಕ್ಟರ್ ಹುಡುಗಿ ವಿಷಯ ಮನಸ್ಸಿಂದ ಹೋಗವಲ್ದು. ಹೊನ್ನಾಳಿ ಬಸ್ಸಿನಲ್ಲಿ ಓಡಾಡಿದವನಿಗೆ ಗೊತ್ತು, ಆ ಸ್ಕಿಟ್ ನಮ್ಮ ಜಿಲ್ಲೆಯ ಅರ್ಧ ಜನರ ಬದುಕು. ಅದನ್ನ ನಿಲ್ಲಿಸಿ ಕುಣಿ ಅಂದವರಿಗೆ ಹಾಸ್ಯ ಗೊತ್ತಿಲ್ಲ ಅಂತಲೇ ಹೇಳ್ತೀನಿ.

ದುರ್ಗದ ಮೇಷ್ಟ್ರು

ಟಿವಿಯವರು ಬದಲಾಗೋವರೆಗೆ ಕಾಯೋದು ಬೇಡ. ಶಾಲೆಗಳಲ್ಲಿ ಪ್ರತಿಭಾ ಕಾರಂಜಿ ಇದೆ. ಕ್ಲಸ್ಟರ್‌ನಿಂದ ರಾಜ್ಯದವರೆಗೆ ಹೋಗೋ ದಾರಿ ಅದು, ಮಿಮಿಕ್ರಿ, ಛದ್ಮವೇಷ ಎಲ್ಲಾ ಇರುತ್ತೆ. ಅಲ್ಲಿ ನಾವು ಮೇಷ್ಟ್ರುಗಳು ಏನು ಮಾಡ್ತಿದ್ದೀವಿ? ಬೆಳ್ಳಗಿರೋ ಹುಡುಗಿಗೆ ಕಿತ್ತೂರು ಚೆನ್ನಮ್ಮ, ಕಪ್ಪಗಿರೋಳಿಗೆ ಕೊರವಂಜಿ. ಒನಕೆ ಓಬವ್ವನ ಊರಲ್ಲೇ ಓಬವ್ವನ ಪಾತ್ರಕ್ಕೆ ಮುಖಕ್ಕೆ ಪೌಡರ್ ಮೆತ್ತೋದನ್ನ ನೋಡಿದ್ದೀನಿ. ಟಿವಿ ಬರೆಯೋರೂ ಒಂದಾನೊಂದು ಕಾಲಕ್ಕೆ ಇಂಥ ಶಾಲೆಗಳಲ್ಲೇ ಪಾತ್ರ ಹಂಚೋದನ್ನ ಕಂಡು ಬಂದವರು. ನಾನು ನಿವೃತ್ತ, ಆದರೆ ತೀರ್ಪುಗಾರನಾಗಿ ಈಗಲೂ ಕರೀತಾರೆ. ಈ ಸಲ ತೀರ್ಪಿಗೆ ಕೂತಾಗ ಇದನ್ನ ಮೇಷ್ಟ್ರುಗಳ ಮುಂದೆ ಎತ್ತಿ ಹೇಳ್ತೀನಿ.

ಆಜಾದ್ ನಗರ

ಮೇಷ್ಟ್ರೇ, ನನ್ನ ಮಗ ಹೈಸ್ಕೂಲಲ್ಲಿದ್ದಾನೆ, ಕನ್ನಡ ಮೇಷ್ಟ್ರ ಪಾತ್ರ ಮಾಡಬೇಕು ಅಂತಾನೆ. ವ್ಯಾಕರಣ ತಿದ್ದೋ ಮೇಷ್ಟ್ರು, ಮನೆಗೆ ಬಂದ ಗ್ಯಾಸ್ ಹುಡುಗನ ಮಾತಲ್ಲೂ ವಿಭಕ್ತಿ ಹುಡುಕ್ತಾರಂತೆ. ಅವನೇ ಬರೀತಿದ್ದಾನೆ.

ನ್ಯಾಮತಿ ತಾಂಡಾ

ಕೊಂಡಜ್ಜಿ ರಸ್ತೆ ಅಕ್ಕಾ, ಕೇಳಿದ್ರಲ್ಲ. ಅವಳು ಈಗ ಒಂಬತ್ತನೇ ಕ್ಲಾಸು. ಕಂಡಕ್ಟರ್ ಇನ್ನೂ ಬಿಟ್ಟಿಲ್ಲ. ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಚಿಲ್ಲರೆ ಜಗಳವೇ ಹೋಯ್ತು ಅಂತ ಸ್ಕಿಟ್ ಪೂರ್ತಿ ಬದಲಾಯಿಸಿದ್ದಾಳೆ. ಈಗ ಅಜ್ಜಿಗೆ ಆಧಾರ್ ಕಾರ್ಡ್ ಸಿಗ್ತಿಲ್ಲ, ಚೀಲದಿಂದ ಒಂದೊಂದೇ ಸಾಮಾನು ತೆಗೆದು ಕಂಡಕ್ಟರ್ ಕೈಗೆ ಕೊಡ್ತಾಳೆ: ಎಲೆ ಅಡಿಕೆ, ಮಾತ್ರೆ, ಮೊಮ್ಮಗನ ಫೋಟೋ. ಸ್ವಲ್ಪ ಉದ್ದ ಆಗಿದೆ, ಎಲ್ಲಿ ಕತ್ತರಿಸಬೇಕು ಅಂತ ಗೊತ್ತಾಗ್ತಿಲ್ಲ.

ಸಾಣೇಹಳ್ಳಿ ದಾರಿ

ಕತ್ತರಿಸೋಕೆ ಅವಸರ ಮಾಡಬೇಡಿ. ಫೋಟೋ ತೆಗೆದ ಮೇಲೆ ಕಂಡಕ್ಟರ್ ಏನಂತಾಳೆ?

ನ್ಯಾಮತಿ ತಾಂಡಾ

"ಇವನ ಟಿಕೆಟ್ ಎಲ್ಲಜ್ಜಿ?" ಅಂತಾಳೆ.